ಕೆರೆಯಲ್ಲಿ ನಾಲ್ಕು ಹೆಬ್ಬಾತು ಸತ್ತು ಬಿದ್ದಿವೆ. ಯಾರಿಗೆ ಹೇಳಬೇಕು?

ಕೆರೆದಂಡೆ · ಭಾನುವಾರ, ಬೆಳಿಗ್ಗೆ 9:40

ಎಲ್ಲರಿಗೂ ನಮಸ್ಕಾರ. ಗದಗ ಜಿಲ್ಲೆಯವನು. ಊರಿನ ಹೆಸರು ಹಾಕಿಲ್ಲ, ಯಾಕೆ ಅಂತ ಕೆಳಗೆ ಗೊತ್ತಾಗುತ್ತದೆ.

ನಮ್ಮ ಕೆರೆಗೆ ಚಳಿ ಶುರುವಾದರೆ ಪಟ್ಟೆತಲೆ ಹೆಬ್ಬಾತು ಬರುತ್ತವೆ. ನಮ್ಮ ಜಿಲ್ಲೆಯದೇ ಮಾಗಡಿ ಕೆರೆಯಷ್ಟು ಅಲ್ಲ, ಒಂದಿನ್ನೂರು ಮುನ್ನೂರು. ಹಗಲೆಲ್ಲ ನೀರಿನಲ್ಲಿ ನಿದ್ದೆ, ಕತ್ತಲಾದ ಮೇಲೆ ಕಡಲೆ ಹೊಲಕ್ಕೆ ದಂಡು.

ಇವತ್ತು ಬೆಳಿಗ್ಗೆ ಎಮ್ಮೆ ಮೈ ತೊಳೆಯಲು ಹೋದ ಹುಡುಗರು ಓಡಿ ಬಂದು ಕರೆದರು. ನಾಲ್ಕು ಸತ್ತಿವೆ. ಐದನೆಯದಕ್ಕೆ ಜೀವ ಇದೆ, ಆದರೆ ಕುತ್ತಿಗೆ ಎತ್ತಲು ಆಗುತ್ತಿಲ್ಲ. ರೆಕ್ಕೆ ಜೋತು ಬಿದ್ದಿದೆ. ಒಂದು ಆಫೀಸಿಗೆ ಫೋನ್ ಮಾಡಿದೆ. "ಇವತ್ತು ಭಾನುವಾರ, ಗುಂಡಿ ತೋಡಿ ಹೂತುಬಿಡಿ" ಅಂದರು. ಇನ್ನೊಂದು ಆಫೀಸಿನಲ್ಲಿ "ಕಾಡುಹಕ್ಕಿ ನಮಗೆ ಬರಲ್ಲ" ಅಂದರು. ಹೂಳಬೇಕಾ, ಬಿಡಬೇಕಾ? ಹಕ್ಕಿ ಜ್ವರ ಅಂತ ಊರಲ್ಲಿ ಗುಲ್ಲೆದ್ದರೆ ಕೋಳಿ ಸಾಕಿದವರು ನಮ್ಮ ಮನೆ ಬಾಗಿಲಿಗೆ ಬರುತ್ತಾರೆ.

ದನದ_ಡಾಕ್ಟ್ರು · 10:05

ಹೂಳಬೇಡಿ. ಮುಟ್ಟಲೂ ಬೇಡಿ. ಹುಡುಗರನ್ನೂ ಎಮ್ಮೆಗಳನ್ನೂ ಸದ್ಯಕ್ಕೆ ಆಚೆ ದಂಡೆಗೆ ಕಳಿಸಿ. ನಾಯಿ ಬರದ ಹಾಗೆ ಯಾರನ್ನಾದರೂ ಕಾವಲು ನಿಲ್ಲಿಸಿ.

ಆಮೇಲೆ ಫೋಟೊ. ದೂರದಿಂದ ಒಂದು, ಜೂಮ್ ಮಾಡಿ ಒಂದು. ಬದುಕಿರುವ ಹಕ್ಕಿಯದು ಒಂದು ನಿಮಿಷವಾದರೂ ವಿಡಿಯೊ. ಲೊಕೇಶನ್ ಆನ್ ಇರಲಿ. ಬೇರೆ ಜಾತಿಯ ಹಕ್ಕಿ ಏನಾದರೂ ಸತ್ತಿದೆಯಾ ಅಂತ ದಂಡೆ ಸುತ್ತ ಒಂದು ರೌಂಡ್ ಹಾಕಿ. ಎಷ್ಟು ಗಂಟೆಗೆ ನೋಡಿದಿರಿ ಅಂತ ಬರೆದಿಡಿ. ಸತ್ತು ಆರು ಗಂಟೆಯಾದ ಹಕ್ಕಿ ಬೇರೆ, ಎರಡು ದಿನವಾದ ಹಕ್ಕಿ ಬೇರೆ. ಲ್ಯಾಬ್‌ನವರಿಗೆ ಅದೇ ಎಲ್ಲ.

ವನ್ಯಜೀವಿ ಕಾಯ್ದೆಗೆ ಬರುವ ಹಕ್ಕಿ ಇದು. ಅರಣ್ಯದವರು, ಪಶುಪಾಲನೆಯವರು ಇಬ್ಬರಿಗೂ ತಿಳಿಸಬೇಕು. ಅರಣ್ಯ ಸಹಾಯವಾಣಿ 1926, ಪಶುಗಳದ್ದು 1962. ಅಂಕಿ ಅದಲು ಬದಲು. ನನ್ನ ಸರ್ವಿಸ್‌ನಲ್ಲಿ ನನಗೇ ಎಷ್ಟೋ ಸಲ ತಪ್ಪಿದೆ.

ಫಾರಂ_ಗೌಡ · 10:31

ಚಿಕ್ಕಬಳ್ಳಾಪುರದ ಕಡೆಯವನು, 6 ಸಾವಿರ ಬ್ರಾಯ್ಲರ್ ಕೋಳಿ ಇವೆ. ಡಾಕ್ಟ್ರು ಹೇಳಿದ್ದು ಸರಿ ಇರಬಹುದು. ಆದರೆ ಇಲ್ಲಿ ಬರೆಯುವ ಮುಂಚೆ ಸ್ವಲ್ಪ ಯೋಚನೆ ಮಾಡಿ ಅಣ್ಣ. ನೀವು "ಹಕ್ಕಿ ಜ್ವರನಾ?" ಅಂತ ಕೇಳಿದ್ದು ಸಂಜೆಗೆ ವಾಟ್ಸಾಪ್‌ನಲ್ಲಿ "ಹಕ್ಕಿ ಜ್ವರ ಬಂತು" ಆಗಿರುತ್ತದೆ. ಮಾರನೇ ದಿನ ರೇಟು ಬಿದ್ದಿರುತ್ತದೆ. ಸರ್ಕಾರ ಕೊಲ್ಲಿಸಿದ ಕೋಳಿಗೆ ಪರಿಹಾರ ಕೊಡುತ್ತಾರೆ. ರೋಗದಿಂದ ತಾನೇ ಸತ್ತಿದ್ದಕ್ಕೆ ಇಲ್ಲ. ಸುದ್ದಿಯಿಂದ ಆದ ನಷ್ಟಕ್ಕಂತೂ ಕೇಳೋ ಹಾಗೇ ಇಲ್ಲ.

ನನ್ನ ಪ್ರಶ್ನೆ ನೇರವಾಗಿದೆ. ಈ ಹೆಬ್ಬಾತುಗಳನ್ನು ಎರಡು ಪಟಾಕಿ ಹೊಡೆದು ಓಡಿಸಿದರೆ ಕಥೆ ಮುಗಿಯಲ್ವಾ?

ನಾಮದಕೋಳಿ · 10:52

ಓಡಿಸಿದರೆ ಎಲ್ಲಿಗೆ ಹೋಗುತ್ತವೆ ಗೌಡ್ರೇ? ಪಕ್ಕದ ಕೆರೆಗೆ. ರೋಗ ಇದ್ದರೆ ಅದನ್ನೂ ಕಟ್ಟಿಕೊಂಡು ಹೋಗುತ್ತವೆ. ಒಂದು ಕೆರೆಯಲ್ಲಿ ಇದ್ದದ್ದು ಹತ್ತು ಕೆರೆಗೆ ಹಂಚಿದ ಹಾಗೆ. ಅದಕ್ಕೇ ಸಾಮಾನ್ಯವಾಗಿ ಕಾಡುಹಕ್ಕಿಗಳನ್ನು ಬೆದರಿಸುವುದಿಲ್ಲ, ಕೊಲ್ಲುವುದೂ ಇಲ್ಲ. ಜನರನ್ನು ದೂರ ಇಡುತ್ತಾರೆ.

ಹಿಮಾಚಲದ ಪಾಂಗ್ ಅಣೆಕಟ್ಟಿನ ಹಿನ್ನೀರಿನಲ್ಲಿ ಹಾಗೇ ಮಾಡಿದ್ದು. ಕಾಂಗ್ರಾ ಜಿಲ್ಲೆ, ಬಿಯಾಸ್ ನದಿ. ಪ್ರತಿ ಚಳಿಗಾಲ ಲಕ್ಷದ ಆಸುಪಾಸು ನೀರುಹಕ್ಕಿ ಸೇರುತ್ತವೆ, ಅದರಲ್ಲಿ ಇದೇ ಪಟ್ಟೆತಲೆ ಹೆಬ್ಬಾತುಗಳದ್ದೇ ದೊಡ್ಡ ಪಾಲು. 2020ರ ಡಿಸೆಂಬರ್ ಕೊನೆಯ ವಾರ ಅಲ್ಲೊಂದು ಇಲ್ಲೊಂದು ಸಾಯಲು ಶುರುವಾದವು. ಜನವರಿ ಮೊದಲ ವಾರ ಹಕ್ಕಿ ಜ್ವರದ ವೈರಸ್ ಎಚ್‌5ಎನ್‌1 ಅಂತ ಖಚಿತವಾಗುವ ಹೊತ್ತಿಗೆ ಸಾವು ಸಾವಿರ ದಾಟಿತ್ತು. ಸತ್ತವುಗಳಲ್ಲಿ ಬಹುಪಾಲು ಹೆಬ್ಬಾತುಗಳೇ. ಹಿನ್ನೀರಿನ ಸುತ್ತ 1 ಕಿಲೋಮೀಟರ್ ಯಾರನ್ನೂ ಬಿಡಲಿಲ್ಲ. ಅದರಾಚೆ 9 ಕಿಲೋಮೀಟರ್ ನಿಗಾ. ಸುತ್ತಲಿನ ತಾಲ್ಲೂಕುಗಳಲ್ಲಿ ಕೋಳಿ, ಮೊಟ್ಟೆ, ಮೀನು ಮಾರಾಟ ನಿಲ್ಲಿಸಿದರು.

ಅದೇ ದಿನಗಳಲ್ಲಿ ಕೇರಳದ ಆಲಪ್ಪುಳ, ಕೋಟ್ಟಯಂ ಕಡೆ ಸಾಕು ಬಾತುಗಳು ಸತ್ತವು. ಅದು ಎಚ್‌5ಎನ್‌8. ಬೇರೆ ವೈರಸ್. ಟಿವಿಯಲ್ಲಿ ಮಾತ್ರ ಎರಡೂ ಸೇರಿ ಒಂದೇ ಕಥೆ, ಹಿಮಾಚಲದಿಂದ ಕೇರಳಕ್ಕೆ ಬಾಣದ ಗುರುತು ಹಾಕಿ ತೋರಿಸುತ್ತಿದ್ದರು. ಸ್ಯಾಂಪಲ್ ತೆಗೆದು ನೋಡಿದ್ದಕ್ಕೆ ಆ ಬಾಣ ಸುಳ್ಳು ಅಂತ ಗೊತ್ತಾಯಿತು.

ಕೆರೆದಂಡೆ · 11:20

ಒಂದು ರೌಂಡ್ ಹಾಕಿ ಬಂದೆ. ಬೇರೆ ಯಾವುದೂ ಸತ್ತಿಲ್ಲ. ವರಟೆ, ನಾಮದ ಕೋಳಿ, ಕೊಕ್ಕರೆ ಎಲ್ಲ ಆರಾಮಾಗಿವೆ. ವಿಡಿಯೊ ಡಾಕ್ಟರಿಗೆ ಕಳಿಸಿದ್ದೇನೆ. 1926ಕ್ಕೆ ಹೇಳಿದೆ, ಬರೆದುಕೊಂಡರು. ನನ್ನ ತಮ್ಮ ಬಡಿಗೆ ಹಿಡಿದು ನಾಯಿ ಕಾಯುತ್ತಿದ್ದಾನೆ.

ದನದ_ಡಾಕ್ಟ್ರು · 11:48

ವಿಡಿಯೊ ನೋಡಿದೆ. ಒದ್ದೆ ಬಟ್ಟೆಯ ಹಾಗೆ ಸೋತು ಬಿದ್ದಿದೆ. ಕಣ್ಣು ಮಿಟುಕಿಸುತ್ತಿದೆ, ಆದರೆ ತಲೆ ನಿಲ್ಲುತ್ತಿಲ್ಲ. ಹಕ್ಕಿ ಜ್ವರ ಮಿದುಳಿಗೆ ಏರಿದ ಹಕ್ಕಿ ಸಾಮಾನ್ಯವಾಗಿ ಕುತ್ತಿಗೆ ತಿರುಚಿಕೊಳ್ಳುತ್ತದೆ, ನಡುಗುತ್ತದೆ, ನೀರಿನಲ್ಲಿ ಗಿರಗಿರ ಸುತ್ತುತ್ತದೆ. ಇದು ಹಾಗಿಲ್ಲ. ಆದರೂ ಕಣ್ಣಲ್ಲಿ ನೋಡಿ ಹೇಳುವ ರೋಗ ಅಲ್ಲ ಇದು. ನನಗೆ ಸಾಂಭರ್ ನೆನಪಾಗುತ್ತಿದೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ರಾಜಸ್ಥಾನದಲ್ಲಿ ಜೈಪುರದ ಹತ್ತಿರ ಸಾಂಭರ್ ಅಂತ ದೊಡ್ಡ ಉಪ್ಪುನೀರಿನ ಸರೋವರ. 2019ರ ನವೆಂಬರ್‌ನಲ್ಲಿ ಅಲ್ಲಿ ಹಕ್ಕಿಗಳು ರಾಶಿ ರಾಶಿ ಬಿದ್ದವು. ಸರ್ಕಾರದ ಲೆಕ್ಕದಲ್ಲೇ 18 ಸಾವಿರ ದಾಟಿತು. ಎಲ್ಲರ ಬಾಯಲ್ಲೂ ಹಕ್ಕಿ ಜ್ವರ. ಭೋಪಾಲ್ ಲ್ಯಾಬ್ ನೋಡಿ "ಜ್ವರ ಅಲ್ಲ" ಅಂದಿತು. ಬರೇಲಿಯ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯವರು ಹಿಡಿದರು: ಬಾಟುಲಿಸಂ.

ಅದು ಹರಡುವ ರೀತಿ ಕೇಳಿದರೆ ಮೈ ಜುಮ್ ಅನ್ನುತ್ತದೆ. ಗಾಳಿಯಾಡದ ಕೆಸರಿನಲ್ಲಿ, ಕೊಳೆತ ಹೆಣದಲ್ಲಿ ಒಂದು ಬ್ಯಾಕ್ಟೀರಿಯಾ ವಿಷ ಮಾಡುತ್ತದೆ. ಸತ್ತ ಹಕ್ಕಿಯ ಮೇಲೆ ನೊಣ ಮೊಟ್ಟೆ ಇಡುತ್ತದೆ, ಹುಳು ಏಳುತ್ತದೆ. ಹುಳುವಿಗೆ ಆ ವಿಷದಿಂದ ಏನೂ ಆಗುವುದಿಲ್ಲ, ಮೈಯಲ್ಲಿ ಸುಮ್ನೆ ತುಂಬಿಕೊಳ್ಳುತ್ತದೆ. ಇನ್ನೊಂದು ಹಕ್ಕಿ ಬಂದು ಆ ಹುಳು ತಿನ್ನುತ್ತದೆ. ಕಾಲು ಸೋಲುತ್ತದೆ, ರೆಕ್ಕೆ ಸೋಲುತ್ತದೆ, ಕೊನೆಗೆ ಕುತ್ತಿಗೆ. ತಲೆ ಎತ್ತಲಾಗದೆ ಮೊಣಕಾಲು ನೀರಿನಲ್ಲಿ ಮುಳುಗಿ ಸಾಯುತ್ತದೆ. ಅದರ ಮೇಲೆ ಮತ್ತೆ ನೊಣ. ಒಂದು ಹೆಣ ಹತ್ತು ಹೆಣ ಆಗುತ್ತದೆ. ಹಾಗಾಗಿ ಅಲ್ಲಿ ಔಷಧಿಗಿಂತ ಹೆಣ ಎತ್ತುವುದೇ ಮೊದಲ ಚಿಕಿತ್ಸೆ.

ಒಂದು ಅನುಮಾನ ಇದೆ. ಹೆಬ್ಬಾತು ಹುಲ್ಲು ಕಾಳು ತಿನ್ನುವ ಹಕ್ಕಿ, ಹುಳುವಿನ ದಾರಿ ಅದಕ್ಕೆ ಅಷ್ಟಾಗಿ ಹೊಂದುವುದಿಲ್ಲ. ಇರಲಿ. ಸ್ಯಾಂಪಲ್ ಆಗಲಿ.

ಸುಮ್ನೆ_ಓದೋಳು · 12:10

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಕೋಳಿಗೆ ಬರೋ ರಾಣಿಖೇತ್‌ಗೆ ನಮ್ಮ ಕಡೆ "ಕೊಕ್ಕರೆ ರೋಗ" ಅಂತಾರೆ. ಅದು ಕೊಕ್ಕರೆಯಿಂದ ಬರುತ್ತಾ?

ದನದ_ಡಾಕ್ಟ್ರು · 12:16

ಹೆಸರು ಮಾತ್ರ ಕೊಕ್ಕರೆಯದು ತಾಯಿ. ಹಳ್ಳಿಗಳಲ್ಲಿ ಅದು ಹರಡುವುದು ಜಾಸ್ತಿ ಸಂತೆಯಿಂದ ತಂದ ಕೋಳಿಯಿಂದ.

ನಾಮದಕೋಳಿ · 12:40

ಹಕ್ಕಿಯ ಮೇಲೆ ಮೊದಲು ಗೂಬೆ ಕೂರಿಸುವುದು ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ಕಥೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರೂ ಸತ್ತರು. ಮಂಗನ ಕಾಯಿಲೆ. ವೈರಸ್ ನೋಡಿದರೆ ರಷ್ಯಾದ ಕಡೆಯ ಒಂದು ಮಿದುಳು ಜ್ವರದ ನೆಂಟ. ಸೈಬೀರಿಯಾದಿಂದ ಮಲೆನಾಡಿಗೆ ಯಾರು ತಂದರು? ವಲಸೆ ಹಕ್ಕಿ ತಂದಿರಬೇಕು ಅಂತ ಅನುಮಾನ ಬಂತು. ವಿಶ್ವ ಆರೋಗ್ಯ ಸಂಸ್ಥೆ ದುಡ್ಡು ಕೊಟ್ಟಿತು. ಪಕ್ಷಿತಜ್ಞ ಸಲೀಂ ಅಲಿ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಿಂದ ಸಾವಿರಗಟ್ಟಲೆ ಹಕ್ಕಿ ಹಿಡಿದು ಕಾಲಿಗೆ ಉಂಗುರ ಹಾಕಿತು, ಮೈಮೇಲಿನ ರಕ್ತ ಹೀರುವ ಉಣ್ಣೆಹುಳ ಹೆಕ್ಕಿತು. ಹಕ್ಕಿ ತಂದಿದೆ ಅನ್ನುವುದಕ್ಕೆ ಸಾಕ್ಷಿ ಸಿಗಲಿಲ್ಲ. ರೋಗ ಅಲ್ಲೇ ಕಾಡಿನ ಉಣ್ಣೆಗಳಲ್ಲಿ ಇತ್ತು.

ಆದರೆ ಆ ಸುಳ್ಳು ಅನುಮಾನದಿಂದ ಒಂದು ಲಾಭ ಆಯಿತು. ನಮ್ಮ ದೇಶದಲ್ಲಿ ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವ ಲೆಕ್ಕ ದೊಡ್ಡ ಮಟ್ಟದಲ್ಲಿ ಶುರುವಾಗಿದ್ದೇ ಹಾಗೆ. ನಮ್ಮ ಮಂಗನ ಕಾಯಿಲೆ ನೆಪದಲ್ಲಿ!

ಫಾರಂ_ಗೌಡ · 12:58

ಕಥೆ ಚೆನ್ನಾಗಿದೆ ಸರ್. ಆದರೆ ಹಕ್ಕಿ ಜ್ವರವನ್ನು ಹಕ್ಕಿ ತರುತ್ತದೆ ಅನ್ನುವುದು ನಿಜ ತಾನೇ? ಅದನ್ನೂ ಅನುಮಾನ ಅನ್ನಬೇಡಿ ಮತ್ತೆ.

ಪಿಸಿಆರ್_ಪುಟ್ಟಿ · ಮಧ್ಯಾಹ್ನ 2:15

ವೈರಸ್ ಲ್ಯಾಬ್‌ನಲ್ಲಿ ಕೆಲಸ ಮಾಡುವವಳು. ಗೌಡ್ರೇ, ನಿಮ್ಮ ಪ್ರಶ್ನೆಗೆ ಹೌದು, ಇಲ್ಲ ಎರಡೂ ಉತ್ತರ.

ಕಾಡು ಬಾತುಗಳ ಹೊಟ್ಟೆಯಲ್ಲಿ ಫ್ಲೂ ವೈರಸ್‌ಗಳು ಯಾವ ಕಾಲದಿಂದಲೋ ಇವೆ. ಜ್ವರ ಇಲ್ಲ, ಸಾವಿಲ್ಲ, ಹಿಕ್ಕೆಯಲ್ಲಿ ಹೋಗುತ್ತಿರುತ್ತದೆ. ಅಂಥ ಸಾಧು ವೈರಸ್ ಕೋಳಿ ಶೆಡ್ಡಿಗೆ ಹೊಕ್ಕಾಗ ಕೆಲವೊಮ್ಮೆ ಕೊಲೆಗಡುಕ ಆಗಿಬಿಡುತ್ತದೆ. ಒತ್ತಾಗಿ ಕೂಡಿಹಾಕಿದ ಸಾವಿರಾರು ಕೋಳಿ, ಒಂದರಿಂದ ಒಂದಕ್ಕೆ ದಾಟಲು ಕ್ಷಣ ಸಾಕು. ಈಗ ಜಗತ್ತೆಲ್ಲ ಸುತ್ತುತ್ತಿರುವ ಎಚ್‌5 ವಂಶದ ಮೂಲ 1996ರಲ್ಲಿ ಚೀನಾದ ಗುವಾಂಗ್‌ಡಾಂಗ್‌ನಲ್ಲಿ ಸಿಕ್ಕಿತು. ಎಲ್ಲಿ? ಸಾಕಿದ ಹೆಬ್ಬಾತಿನಲ್ಲಿ.

ಅದು ಕಾಡಿಗೆ ವಾಪಸ್ ದಾಟಿದ್ದು ಆಮೇಲೆ. 2005ರ ಮೇ ತಿಂಗಳು, ಚೀನಾದ ಚಿಂಗ್‌ಹಾಯ್ ಸರೋವರ. 6 ಸಾವಿರಕ್ಕೂ ಜಾಸ್ತಿ ಕಾಡುಹಕ್ಕಿ ಸತ್ತವು, ಮುಂದಿನ ಸಾಲಿನಲ್ಲಿ ಇವೇ ಪಟ್ಟೆತಲೆಗಳು. ಹಕ್ಕಿ ಜ್ವರದಿಂದ ವಲಸೆ ಹಕ್ಕಿಗಳು ಆ ಪ್ರಮಾಣದಲ್ಲಿ ಸತ್ತಿದ್ದು ಅದೇ ಮೊದಲು. ಜೀನ್ ಓದಿದರೆ ದಕ್ಷಿಣ ಚೀನಾದ ಕೋಳಿ ಮಾರುಕಟ್ಟೆಯ ವೈರಸ್‌ಗಳ ಹತ್ತಿರದ ಸಂಬಂಧಿ. ಅದೇ ಬೇಸಿಗೆಯಲ್ಲಿ ಸೈಬೀರಿಯಾ, ಮಂಗೋಲಿಯಾ, ಆಮೇಲೆ ಯೂರೋಪ್. 2006ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದ ನವಾಪುರದ ಕೋಳಿ ಫಾರಂಗಳಲ್ಲಿ. ನಮ್ಮ ದೇಶಕ್ಕೆ ಅದೇ ಮೊದಲ ಸಲ.

ಅಂದರೆ ಫಾರಂನಿಂದ ಹಕ್ಕಿಗೆ, ಹಕ್ಕಿಯಿಂದ ಫಾರಂಗೆ. ಯಾರು ಮೊದಲು ಅಂತ ಜಗಳ ಆಡುವುದಕ್ಕಿಂತ ಈ ಸಲ ಯಾವ ಕಡೆಯಿಂದ ಯಾವ ಕಡೆಗೆ ಅಂತ ನೋಡುವುದು ಲ್ಯಾಬ್ ಕೆಲಸ. ವೈರಸ್‌ನ ಜೀನ್ ಎಂಟು ತುಂಡುಗಳಲ್ಲಿ ಇರುತ್ತದೆ. ಒಂದೇ ಬಾತಿನೊಳಗೆ ಎರಡು ವೈರಸ್ ಸೇರಿದರೆ ಇಸ್ಪೀಟ್ ಕಲಸಿದ ಹಾಗೆ ತುಂಡುಗಳು ಅದಲು ಬದಲಾಗುತ್ತವೆ. ಒಂದೊಂದು ತುಂಡಿಗೂ ವಂಶಾವಳಿ ಬರೆದರೆ ಎಲ್ಲಿಂದ ಬಂತು ಅಂತ ತಿಳಿಯುತ್ತದೆ.

ಹೆಜ್ಜಾರ್ಲೆ_ಮಂಡ್ಯ · 3:02

ಪುಟ್ಟಿ ಮೇಡಂ, ಸ್ಯಾಂಪಲ್ ಅಂದರೆ ನಿಜವಾಗಿ ಏನು ತೆಗೆಯುತ್ತಾರೆ? ಪೇಪರ್‌ನಲ್ಲಿ ಯಾವಾಗಲೂ "ಮಾದರಿ ರವಾನೆ" ಅಂತ ಒಂದೇ ಸಾಲು.

ಪಿಸಿಆರ್_ಪುಟ್ಟಿ · 3:25

ಕೋವಿಡ್‌ನಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡಿದ್ದೀರಲ್ಲ, ಅದೇ ಕಡ್ಡಿ. ಹಕ್ಕಿಗೆ ಒಂದು ಗಂಟಲಿಗೆ, ಒಂದು ಹಿಂಭಾಗಕ್ಕೆ. ಕಡ್ಡಿಯನ್ನು ವೈರಸ್ ಹಾಳಾಗದಂಥ ದ್ರವದ ಟ್ಯೂಬಿಗೆ ಹಾಕಿ, ಮುಚ್ಚಿ, ಐಸ್ ಮೇಲೆ ಇಡಬೇಕು. ಸತ್ತ ಹಕ್ಕಿ ತಾಜಾ ಇದ್ದರೆ ಇಡೀ ಹಕ್ಕಿಯನ್ನೇ ಎರಡು ಮೂರು ಕವರಿನಲ್ಲಿ ಸುತ್ತಿ ಕಳಿಸಬಹುದು. ನಮ್ಮ ರಾಜ್ಯದವು ಮೊದಲು ಬೆಂಗಳೂರಿನ ಹೆಬ್ಬಾಳದ ಲ್ಯಾಬಿಗೆ ಬರುತ್ತವೆ. ಹಕ್ಕಿ ಜ್ವರ ಅಂತ ಕೊನೆಯ ಮಾತು ಹೇಳುವುದು ಮಾತ್ರ ಭೋಪಾಲ್‌ನ ಅತಿ ಭದ್ರತೆಯ ಲ್ಯಾಬ್.

ಟ್ಯೂಬ್ ಕೈಗೆ ಬಂದ ಮೇಲೆ ಪಿಸಿಆರ್‌ಗೆ ಒಂದು ದಿನ ಕೂಡ ಬೇಡ. ತಡ ಆಗುವುದೆಲ್ಲ ಅದಕ್ಕೆ ಮುಂಚೆ. ಯಾರೋ ನೋಡಬೇಕು, ಯಾರಿಗೋ ಹೇಳಬೇಕು, ಅವರು ಬರಬೇಕು, ಐಸ್ ಸಿಗಬೇಕು, ಬಸ್ಸೋ ಜೀಪೋ ಹೊರಡಬೇಕು. ನಮ್ಮ ಮೆಷಿನ್ ಎಷ್ಟು ಲಕ್ಷದ್ದಾದರೂ ಕೊಳೆತ ಸ್ಯಾಂಪಲ್‌ಗೆ ಏನೂ ಮಾಡಲಾಗದು.

ಬದುಕಿರುವ ಹಕ್ಕಿಗಳ ಮೇಲೂ ನಿಗಾ ಇಡುತ್ತಾರೆ. ಹಿಂಡು ಎದ್ದು ಹೋದ ತಕ್ಷಣ ದಂಡೆಯ ತಾಜಾ ಹಿಕ್ಕೆ ಎತ್ತಿ ತರುತ್ತಾರೆ. ಇನ್ನೂರು ಮುನ್ನೂರು ಹಿಕ್ಕೆ ನೋಡಿದರೂ ಒಂದರಲ್ಲೂ ಏನೂ ಸಿಗದ ದಿನಗಳೇ ಜಾಸ್ತಿ. ಬೇಜಾರಿನ ಕೆಲಸ. ಆದರೆ ಯಾವ ಹಕ್ಕಿಯೂ ಸಾಯುವ ಮುಂಚೆ ಗೊತ್ತಾಗಬೇಕಾದರೆ ಅದೊಂದೇ ದಾರಿ.

ಹೆಜ್ಜಾರ್ಲೆ_ಮಂಡ್ಯ · 3:50

ಈಗ ಅರ್ಥವಾಯಿತು. ನಮ್ಮ ಕೊಕ್ಕರೆ ಬೆಳ್ಳೂರಿನ ವಿಷಯ ಹೇಳುತ್ತೇನೆ. 2017-18ರ ಚಳಿಗಾಲದಲ್ಲಿ ಹೆಜ್ಜಾರ್ಲೆಗಳು (ಪೆಲಿಕನ್) ಮರದಿಂದ ಉದುರಿ ಬೀಳುತ್ತಿದ್ದವು. ಆ ಊರಲ್ಲಿ ಹೆಜ್ಜಾರ್ಲೆ ಅಂದರೆ ಮನೆ ಮಗಳು ಹೆರಿಗೆಗೆ ಬಂದ ಹಾಗೆ. ಅಂಥ ಊರಲ್ಲಿ ಹತ್ತಾರು ಸತ್ತವು. ಒಂದು ವರ್ಷದ ಹಿಂದೆ, 2017ರ ಜನವರಿಯಲ್ಲಿ, ಮೈಸೂರು ಮೃಗಾಲಯದಲ್ಲಿ ಎಚ್‌5ಎನ್‌8 ಬಂದು ಒಂದು ತಿಂಗಳು ಬಾಗಿಲು ಹಾಕಿದ್ದರಲ್ಲ. ಅದೇ ಇಲ್ಲಿಗೂ ಬಂತು ಅಂತ ಎಲ್ಲರೂ ಹೆದರಿದರು.

ಹೆಬ್ಬಾಳದವರು ಹೊಟ್ಟೆ ಕೊಯ್ದು ನೋಡಿದರೆ ಒಳಗೆ ದುಂಡುಹುಳುಗಳು. ಕೆರೆಯ ಮೀನಿನಿಂದ ಬಂದದ್ದು. ಹಕ್ಕಿ ಜ್ವರ ಇರಲೇ ಇಲ್ಲ. ಸತ್ತ ಹಕ್ಕಿ ಎಣಿಸುತ್ತಾ ಕೂತಿದ್ದರೆ ಎಣಿಕೆ ಮಾತ್ರ ಸಿಗುತ್ತಿತ್ತು.

ಡಂಫ್ರೀಸ್_ಕನ್ನಡಿಗ · ಸಂಜೆ 6:30

ಹಾಸನದವನು, ಈಗ ಸ್ಕಾಟ್ಲೆಂಡಿನಲ್ಲಿದ್ದೇನೆ. ಸಾಲ್ವೇ ಅನ್ನುವ ಕೊಲ್ಲಿ ಇಲ್ಲಿಗೆ ಹತ್ತಿರ. ನಾರ್ವೆಯ ಮೇಲಿನ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ ಮರಿ ಮಾಡುವ ಬಾರ್ನಕಲ್ ಹೆಬ್ಬಾತುಗಳು ಚಳಿಗಾಲಕ್ಕೆ ಇಲ್ಲಿಗೇ ಬರುವುದು. 2021-22ರ ಚಳಿಗಾಲ ಬಂದ ಹಕ್ಕಿ ಜ್ವರಕ್ಕೆ ಆ ಇಡೀ ಬಳಗದ ಮೂರನೇ ಒಂದು ಪಾಲು ಹೋಯಿತು. ನಾನು ನೋಡಿದ್ದೇನೆ. ಉಬ್ಬರ ಇಳಿದ ಮೇಲೆ ದಂಡೆಯ ಉದ್ದಕ್ಕೂ ಕಪ್ಪು ಬಿಳಿ ಮೂಟೆಗಳು. ನಾಯಿ ವಾಕಿಂಗಿಗೆ ಬಂದವರು ಸುಮ್ಮನೆ ವಾಪಸ್ ಹೋಗುತ್ತಿದ್ದರು.

ಇಲ್ಲಿ ಸತ್ತ ಹಕ್ಕಿ ಕಂಡರೆ ಸರ್ಕಾರದ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ತುಂಬಬಹುದು. ಎಲ್ಲವನ್ನೂ ಎತ್ತುವುದಿಲ್ಲ, ಬೇಕಾದ್ದನ್ನು ಆರಿಸಿ ಪರೀಕ್ಷಿಸುತ್ತಾರೆ. ಯಾವ ಊರ ಹತ್ತಿರ, ಯಾವ ಹಕ್ಕಿ, ಯಾವ ವೈರಸ್ ಅಂತ ಪಟ್ಟಿಯನ್ನು ಜನರಿಗೆ ಕಾಣುವ ಹಾಗೆ ಹಾಕುತ್ತಾರೆ. ಪಟ್ಟಿ ಇರುವುದರಿಂದ ಗಾಳಿಸುದ್ದಿ ಕಮ್ಮಿ. ಗೌಡ್ರಿಗೆ ಇದು ಇಷ್ಟ ಆಗಬಹುದು.

ಇನ್ನೊಂದು ವಿಚಿತ್ರ. ಗ್ಯಾನೆಟ್ ಅಂತ ಬಿಳಿ ಕಡಲಹಕ್ಕಿ ಇದೆ, ಕಣ್ಣು ತಿಳಿ ನೀಲಿ. 2022ರಲ್ಲಿ ಎಡಿನ್‌ಬರೋ ಹತ್ತಿರದ ಬಾಸ್ ರಾಕ್ ಬಂಡೆಯಲ್ಲಿ ಜ್ವರ ಬಂದು ಬದುಕಿ ಉಳಿದ ಹಲವಕ್ಕೆ ಕಣ್ಣು ಕಪ್ಪಾಗಿತ್ತು. ರಕ್ತ ನೋಡಿದರೆ ಅವಕ್ಕೆ ಸೋಂಕು ಬಂದು ಹೋಗಿದ್ದು ನಿಜ. ದುರ್ಬೀನಿನಲ್ಲೇ ಯಾರಿಗೆ ಬಂದಿತ್ತು ಅಂತ ಹೇಳಬಹುದು!

ಫಾರಂ_ಗೌಡ · 6:55

ಪಟ್ಟಿ ಹಾಕುವುದು ಒಳ್ಳೆಯದೇ. ನನಗೆ ಕೋಪ ಹಕ್ಕಿ ಮೇಲಲ್ಲ, ಅರ್ಧಂಬರ್ಧ ಸುದ್ದಿ ಮೇಲೆ. ಅಲ್ಲ, ಹೆಬ್ಬಾತು ಇರುವುದು ಗದಗದಲ್ಲಿ, ನಾನಿರುವುದು ಚಿಕ್ಕಬಳ್ಳಾಪುರದಲ್ಲಿ. ಇವು ಇಲ್ಲಿಗೂ ಬರುತ್ತವಾ?

ನಾಮದಕೋಳಿ · 7:20

ನಿಮ್ಮ ಶೆಡ್ಡಿಗೆ ಹೆಬ್ಬಾತು ನೇರವಾಗಿ ಬರುವುದಿಲ್ಲ ಬಿಡಿ. ಆದರೆ ದೂರ ಅವಕ್ಕೆ ಲೆಕ್ಕವೇ ಅಲ್ಲ. ಉಪಗ್ರಹದ ಟ್ರಾನ್ಸ್‌ಮಿಟರ್ ಕಟ್ಟಿದ ಹೆಬ್ಬಾತು ಹಿಮಾಲಯ ದಾಟುವಾಗ 7 ಸಾವಿರ ಮೀಟರ್ ಮೇಲೆ ಹಾರಿದ್ದು ದಾಖಲಾಗಿದೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಪಟ್ಟಿ ಹಾಕಿಸಿಕೊಂಡವು ಮೈಸೂರು ಜಿಲ್ಲೆಯ ಹದಿನಾರು ಕೆರೆಯಲ್ಲಿ ಕಂಡಿವೆ. ಪಟ್ಟಿಯ ಮೇಲೆ ದೂರದಿಂದ ಓದಬಹುದಾದ ಅಕ್ಷರ, ಅಂಕಿ ಇರುತ್ತವೆ. ಒಂದು ಫೋಟೊ ತೆಗೆದು ಕಳಿಸಿದರೆ ಅದು ಯಾವ ಸರೋವರದ್ದು ಅಂತ ಉತ್ತರ ಬರುತ್ತದೆ.

ಕೆರೆದಂಡೆ ಅಣ್ಣ, ಸತ್ತ ನಾಲ್ಕರ ಕಾಲು, ಕುತ್ತಿಗೆ ಜೂಮ್ ಮಾಡಿ ನೋಡಿದಿರಾ? ಉಂಗುರ ಇದ್ದರೆ ದೊಡ್ಡ ಸುಳಿವು.

ಇನ್ನೊಂದು, ನಿಮ್ಮ ಕೆರೆಯಲ್ಲಿ ಪ್ರತಿ ವರ್ಷ ಎಷ್ಟು ಹಕ್ಕಿ ಬರುತ್ತವೆ ಅಂತ ಬರೆದಿಟ್ಟವರು ಇದ್ದಾರಾ? ಜನವರಿಯಲ್ಲಿ ಏಷ್ಯಾ ನೀರುಹಕ್ಕಿ ಗಣತಿ ನಡೆಯುತ್ತದೆ, 1987ರಿಂದ ನಡೆದುಕೊಂಡು ಬಂದಿದೆ. ಮುನ್ನೂರರಲ್ಲಿ ನಾಲ್ಕು ಸತ್ತದ್ದಕ್ಕೂ ಮೂವತ್ತರಲ್ಲಿ ನಾಲ್ಕು ಸತ್ತದ್ದಕ್ಕೂ ಅರ್ಥ ಬೇರೆ. ಪಾಂಗ್‌ನಲ್ಲಿ ಅಷ್ಟು ಸತ್ತರೂ ಆ ಚಳಿಗಾಲದ ಎಣಿಕೆಯಲ್ಲಿ ಹೆಬ್ಬಾತು 40 ಸಾವಿರದ ಆಸುಪಾಸು ಇದ್ದವು. ಹಳೆಯ ಲೆಕ್ಕ ಇದ್ದದ್ದಕ್ಕೆ ಅದು ಎಷ್ಟು ದೊಡ್ಡ ಪೆಟ್ಟು ಅಂತ ಅಳೆಯಲು ಆಯಿತು.

ಕೆರೆದಂಡೆ · ರಾತ್ರಿ 8:45

ಉಂಗುರ ಇಲ್ಲ. ಎಣಿಕೆ ಯಾರೂ ಇಟ್ಟಿಲ್ಲ, "ಒಂದಿನ್ನೂರು ಮುನ್ನೂರು" ಅಂತ ನಾನು ಹೇಳಿದ್ದೂ ಕಣ್ಣಂದಾಜು. ಯಾರೂ ಬರಲಿಲ್ಲ ಇವತ್ತು. ಹೆಣಗಳ ಮೇಲೆ ಜಾಲಿ ಮುಳ್ಳು ಎಳೆದು ಬಂದಿದ್ದೇವೆ.

ಕೆರೆದಂಡೆ · ಸೋಮವಾರ, ಸಂಜೆ 5:10

ಮಧ್ಯಾಹ್ನ 3 ಗಂಟೆಗೆ ಇಬ್ಬರು ಬಂದರು. ಒಳ್ಳೆಯ ಹುಡುಗರು, ತಪ್ಪು ಹೇಳಬಾರದು. ಗ್ಲೌಸು, ಮಾಸ್ಕು, ಕವರು ಎಲ್ಲ ಇತ್ತು. ಐಸ್ ಇರಲಿಲ್ಲ. ಊರಲ್ಲಿ ಐಸ್‌ಕ್ಯಾಂಡಿ ಅಂಗಡಿ ಚಳಿಗಾಲ ಅಂತ ಮುಚ್ಚಿದೆ. ನಾಲ್ಕನ್ನೂ ಹಾಗೇ ಕವರಿನಲ್ಲಿ ತೆಗೆದುಕೊಂಡು ಹೋದರು. ನಾನು ನೋಡುವ ಹೊತ್ತಿಗೇ ಸತ್ತಿದ್ದವು, ಅಲ್ಲಿಂದ 30 ಗಂಟೆ ದಾಟಿತ್ತು.

ಐದನೆಯದಕ್ಕೆ ಇನ್ನೂ ಜೀವ ಇದೆ. ಅರಣ್ಯದವರು ಬುಟ್ಟಿಯಲ್ಲಿ ಹಾಕಿಕೊಂಡು ನೆರಳಿಗೆ ಒಯ್ದರು.

ಮಿಂಚುಳ್ಳಿ77 · ಸೋಮವಾರ, 7:00

ಕೆರೆಗೆ ಬ್ಲೀಚಿಂಗ್ ಪೌಡರ್ ಹಾಕಿಸಿಬಿಡಿ. ಎಲ್ಲ ಕ್ರಿಮಿ ಸಾಯುತ್ತವೆ.

ಪಿಸಿಆರ್_ಪುಟ್ಟಿ · 7:08

ಮೀನೂ ಸಾಯುತ್ತವೆ. ದಯವಿಟ್ಟು ಬೇಡ. ಶೆಡ್ಡಿನ ನೆಲಕ್ಕೆ, ಬೂಟಿಗೆ, ಗಾಡಿ ಚಕ್ರಕ್ಕೆ ಸೋಂಕುನಿವಾರಕ ಸರಿ. ಇಡೀ ಕೆರೆಗೆ ಅಲ್ಲ. ತಣ್ಣನೆಯ ನೀರಿನಲ್ಲಿ ಈ ವೈರಸ್ ವಾರಗಟ್ಟಲೆ ಬದುಕುತ್ತದೆ, ನಿಜ. ಗದಗದ ಬಿಸಿಲಿಗೆ ಅಷ್ಟು ಬಾಳುವುದಿಲ್ಲ. ಹಾಗೇ ಇನ್ನೊಂದು ಮಾತು, 70 ಡಿಗ್ರಿಯಲ್ಲಿ ಚೆನ್ನಾಗಿ ಬೆಂದ ಕೋಳಿಯಲ್ಲೂ ಉಳಿಯುವುದಿಲ್ಲ. ಗೌಡ್ರ ಪರವಾಗಿ ಹೇಳಿದ್ದೇನೆ.

ಕೆರೆದಂಡೆ · ಬುಧವಾರ, ಬೆಳಿಗ್ಗೆ 11:15

ಐದನೆಯದು ನಿನ್ನೆ ಬೆಳಿಗ್ಗೆ ಸತ್ತಿತು. ಆದರೆ ಈ ಸಲ ಪಶುವೈದ್ಯರು ಅಲ್ಲೇ ಇದ್ದರು. ಕಡ್ಡಿ ಹಾಕಿ, ಲಸಿಕೆ ಇಡುವ ಡಬ್ಬಿಯಲ್ಲಿ ಐಸ್ ತುಂಬಿ ಅದೇ ದಿನ ಬೆಂಗಳೂರು ಬಸ್ಸಿಗೆ ಹಾಕಿದ್ದಾರೆ. ಹೊಟ್ಟೆ ಕೊಯ್ದಾಗ ಗಂಟಲಿನಿಂದ ಕೆಳಗೆ ಪೂರ್ತಿ ಕಡಲೆ. ಕೆಲವು ಕಾಳಿಗೆ ಗುಲಾಬಿ ಬಣ್ಣ ಹತ್ತಿತ್ತಂತೆ.

ದನದ_ಡಾಕ್ಟ್ರು · 11:40

ಗುಲಾಬಿ ಬಣ್ಣವಾ? ಅದು ಬೀಜೋಪಚಾರದ ಬಣ್ಣ. ಔಷಧಿ ಹಚ್ಚಿದ ಬೀಜ ಅಂತ ಗೊತ್ತಾಗಲಿ ಅಂತ ಬಣ್ಣ ಸೇರಿಸಿರುತ್ತಾರೆ. ನಿಮ್ಮ ಕಡೆ ಈಗ ಯಾರಾದರೂ ಕಡಲೆ ಬಿತ್ತಿದ್ದಾರಾ?

ಕೆರೆದಂಡೆ · 12:05

ಮಳೆ ಹೆಚ್ಚಾಗಿ ಮೊದಲ ಬಿತ್ತನೆ ಕೊಳೆತು ಹೋಯಿತು ಡಾಕ್ಟ್ರೇ. ಕೆರೆ ಹಿಂದಿನ ಹೊಲದವರು ಎರಡನೇ ಸಲ ಬಿತ್ತಿದ್ದು ಹೋದ ವಾರ. ಅವರೇನು ಬೇಕಂತ ಮಾಡಿದ್ದಲ್ಲ. ಬೀಜ ಉಳಿಸಿಕೊಳ್ಳಲು ಯಾವುದೋ ಪುಡಿ ಜಾಸ್ತಿ ಹಚ್ಚಿರಬಹುದು.

ದನದ_ಡಾಕ್ಟ್ರು · 12:20

ಹಾಗಾದರೆ ನನ್ನ ಬಾಟುಲಿಸಂ ಊಹೆ ಪಕ್ಕಕ್ಕಿಡಿ. ಕೆಲವು ಕೀಟನಾಶಕಗಳೂ ಇದೇ ಥರ ಮೈ ಸೋಲಿಸುತ್ತವೆ. ಬೇರೆ ಜಾತಿಯ ಹಕ್ಕಿ ಸಾಯದೆ ಹೊಲಕ್ಕೆ ಹೋಗುವ ಹೆಬ್ಬಾತು ಮಾತ್ರ ಸತ್ತಿದ್ದಕ್ಕೂ ಇದು ಹೊಂದುತ್ತದೆ. ಮೊನ್ನೆಯೇ ನನಗೆ ಹೊಳೆಯಬೇಕಿತ್ತು. ಜಠರ, ಪಿತ್ತಜನಕಾಂಗ ವಿಷ ಪರೀಕ್ಷೆಗೆ ಬೇರೆಯಾಗಿ ಕಳಿಸಲು ಹೇಳಿ. ಹಕ್ಕಿ ಜ್ವರದ ಪರೀಕ್ಷೆ ಮಾತ್ರ ಬಿಡಬಾರದು, ಅದು ಆಗಲೇಬೇಕು.

ಕೆರೆದಂಡೆ · ಹನ್ನೊಂದು ದಿನದ ನಂತರ

ಎರಡು ಉತ್ತರ ಬಂದಿವೆ. ಮೊದಲ ನಾಲ್ಕು ಹಕ್ಕಿ: "ಕೊಳೆತಿದೆ, ಪರೀಕ್ಷೆಗೆ ಯೋಗ್ಯವಲ್ಲ." ಐದನೆಯದು: ಹಕ್ಕಿ ಜ್ವರ ಇಲ್ಲ.

ವಿಷದ ಪರೀಕ್ಷೆಯ ವರದಿ ಇನ್ನೂ ಬಂದಿಲ್ಲ. ಆಮೇಲೆ ಒಂದೂ ಸತ್ತಿಲ್ಲ. ಹೊಲದವರ ಹತ್ತಿರ ಮಾತಾಡಿದೆ. ಮೇಲೆ ಬಿದ್ದ ಬೀಜ ಕಾಣದ ಹಾಗೆ ಮತ್ತೊಮ್ಮೆ ಕುಂಟೆ ಹೊಡೆದರು. ನಿನ್ನೆ ನಾನು, ತಮ್ಮ, ಶಾಲೆಯ ಮೇಷ್ಟ್ರು ಕೂತು ಎಣಿಸಿದೆವು. ನನ್ನ ಲೆಕ್ಕ 212, ತಮ್ಮನದು 240, ಮೇಷ್ಟ್ರದು 198. ನಾಮದಕೋಳಿ ಸರ್, ಯಾವುದು ಬರೆಯಬೇಕು?

ನಾಮದಕೋಳಿ · ಅದೇ ದಿನ

ಮೂರನ್ನೂ ಬರೆಯಿರಿ, ಹೊತ್ತು, ಯಾವ ದಂಡೆಯಿಂದ ನೋಡಿದ್ದು ಎರಡೂ ಸೇರಿಸಿ. ಮುಂದಿನ ಸಲ ಸೂರ್ಯ ಮುಳುಗುವಾಗ ಹೊಲಕ್ಕೆ ಹಾರುತ್ತವಲ್ಲ, ಆಗ ಸಾಲು ಸಾಲಾಗಿ ಎಣಿಸಿ. ನೀರಿನಲ್ಲಿ ಕೂತಾಗ ಒಂದರ ಹಿಂದೆ ಒಂದು ಮರೆಯಾಗುತ್ತದೆ.

ಫಾರಂ_ಗೌಡ · ಅದೇ ದಿನ, ರಾತ್ರಿ 9:30

ಕೆರೆದಂಡೆ ಅಣ್ಣ, ನಮ್ಮ ಫಾರಂಗೆ ಲಸಿಕೆ ಬರುವ ಥರ್ಮಾಕೋಲ್ ಡಬ್ಬಿ ರಾಶಿ ಬಿದ್ದಿವೆ. ಒಳಗಿನ ಐಸ್ ಜೆಲ್ ಪ್ಯಾಕ್ ಸಮೇತ. ಸುಮ್ನೆ ಗುಜರಿಗೆ ಹಾಕುತ್ತಿದ್ದೆ. ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಗೆ ಒಂದು ಹತ್ತು ಕಳಿಸುತ್ತೇನೆ. ಪ್ಯಾಕ್‌ಗಳನ್ನು ಫ್ರೀಜರ್‌ನಲ್ಲೇ ಇಟ್ಟಿರಲು ಹೇಳಿ, ಐಸ್‌ಕ್ಯಾಂಡಿ ಅಂಗಡಿ ಕಾಯುವುದು ಬೇಡ. ಲಾರಿ ಗುರುವಾರ ಹುಬ್ಬಳ್ಳಿ ಕಡೆ ಹೊರಡುತ್ತದೆ, ಎಲ್ಲಿ ಇಳಿಸಬೇಕು ಅಂತ ಮೆಸೇಜ್ ಮಾಡಿ.